ತಳದ ಸ್ನಾಯುವಿಗೆ ಕರೆಂಟು: ಯಂತ್ರ ಕೊಳ್ಳುವ ಮೊದಲು

ಪೆಟ್ಟಿಗೆ ಬಿಚ್ಚಿದರೆ ಒಳಗೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದೊಂದು ಯಂತ್ರ, ತೆಳ್ಳನೆಯ ವೈರು, ಹೆಬ್ಬೆರಳಿಗಿಂತ ತುಸು ದಪ್ಪಗಿರುವ ಒಂದು ಪ್ರೋಬ್, ಸಣ್ಣ ಅಕ್ಷರದ ಇಂಗ್ಲಿಷ್ ಕೈಪಿಡಿ. ಪ್ರೋಬಿನ ಎರಡು ಪಕ್ಕಕ್ಕೂ ಲೋಹದ ಪಟ್ಟಿ ಇರುತ್ತದೆ. ಅದನ್ನು ಯೋನಿಯೊಳಗೆ ಇಟ್ಟುಕೊಂಡು ಹದವಾಗಿ ಕರೆಂಟು ಹರಿಸಿದರೆ ಮೂತ್ರ ಹಿಡಿದಿಡುವ ಸ್ನಾಯುಗಳು ತಾವಾಗಿಯೇ ಬಿಗಿಯುತ್ತವೆ. ಇನ್ನು ಕೆಲವು ಯಂತ್ರಗಳು ಕರೆಂಟು ಕೊಡುವುದಿಲ್ಲ. ನೀವೇ ಸ್ನಾಯು ಬಿಗಿಹಿಡಿದಾಗ ಅದೆಷ್ಟು ಬಿಗಿಯಿತು ಎಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತವೆ. ಎರಡೂ ಕೆಲಸ ಮಾಡುವ ಯಂತ್ರಗಳೂ ಇವೆ. ಪುಣೆಯ ಯೆರವಡಾದ ಜೈಲ್ ರೋಡಿನ ಐಟಿ ಕಚೇರಿಯಲ್ಲಿ ಕೂತವಳ ಮೊಬೈಲಿಗೂ, ಅಲ್ಲಿಂದ ಕೂಗಳತೆಯ ವಸ್ತಿಯಲ್ಲಿ ಒಂದೇ ಕೋಣೆಯ ಮನೆ ನಡೆಸುವವಳ ಮೊಬೈಲಿಗೂ ಇವುಗಳ ಜಾಹೀರಾತು ಈಗ ಬರುತ್ತದೆ.

ಯೆರವಡಾದಲ್ಲಿ ಕನ್ನಡ ಮಾತಾಡುವ ಕುಟುಂಬಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ನೆಲೆಯಾದವರಿದ್ದಾರೆ. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನಿಂದ ಕಂಪನಿ ಕೆಲಸಕ್ಕೆ ಬಂದು ಫ್ಲ್ಯಾಟುಗಳಲ್ಲಿರುವವರೂ ಇದ್ದಾರೆ. ಈ ತೊಂದರೆ ಇಬ್ಬರ ಮನೆಯಲ್ಲೂ ಇದೆ, ಇಬ್ಬರೂ ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಬಿಟ್ಟರೆ ಒಬ್ಬಳು “ಕೆಮ್ಮಿದ್ರ ಸಾಕ್ರಿ ಅಕ್ಕಾರ, ಸೀರಿ ತೋಯ್ತದ” ಎನ್ನುತ್ತಾಳೆ; ಇನ್ನೊಬ್ಬಳು “ಎರಡನೇ ಡೆಲಿವರಿ ಆದ್ಮೇಲೆ ಓಡೋಕೇ ಆಗ್ತಿಲ್ಲ, ಲೀಕ್ ಆಗತ್ತೆ” ಎನ್ನುತ್ತಾಳೆ. ಹಾಗೆ ಹೇಳಿಕೊಳ್ಳುವುದಕ್ಕಿಂತ ಯಂತ್ರ ತರಿಸಿಕೊಳ್ಳುವುದು ಸುಲಭ ಅನ್ನಿಸುತ್ತದೆ. ಯಾರಿಗೂ ಮುಖ ತೋರಿಸಬೇಕಿಲ್ಲ, ಕೊರಿಯರಿನಲ್ಲಿ ಮನೆಗೇ ಬರುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಯಂತ್ರ ಹೆಚ್ಚಿನವರಿಗೆ ಬೇಡ. ಕೆಲವರಿಗೆ ಮಾತ್ರ ಬೇಕು, ಅವರಿಗೆ ಇದರಿಂದ ನಿಜವಾದ ಉಪಕಾರವಿದೆ. ನೀವು ಯಾರ ಪೈಕಿ ಎಂಬುದು ಒಂದು ಸಲದ ಸರಿಯಾದ ದೇಹಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಆ ಪರೀಕ್ಷೆಗೆ ಮೊದಲು ದುಡ್ಡು ಸುರಿಯಬೇಡಿ.

ಮೊದಲು ಸ್ನಾಯುವಿನ ಪರಿಚಯ

ಸೊಂಟದ ಮೂಳೆಗಳ ಕೆಳಬಾಯಿಗೆ ಅಡ್ಡಲಾಗಿ, ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ, ಜೋಲಿಯ ಹಾಗೆ ಒಂದಷ್ಟು ಸ್ನಾಯುಗಳು ಹರಡಿಕೊಂಡಿವೆ. ವೈದ್ಯರು ಇದನ್ನು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ತಳದ ಸ್ನಾಯುಗಳು ಎಂದರೆ ನಮಗೆ ಸಾಕು. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರೂ ಇದರ ಮೇಲೆ ಕೂತಿವೆ. ಮೂತ್ರನಾಳ, ಯೋನಿ, ಗುದದ್ವಾರ ಮೂರೂ ಇದನ್ನು ಹಾದೇ ಹೊರಗೆ ಬರುತ್ತವೆ. ಇದರ ಹೆಚ್ಚಿನ ಎಳೆಗಳು ನಿಧಾನವಾಗಿ ಬಿಗಿದು ಬಹಳ ಹೊತ್ತು ಹಿಡಿದಿರುವ ಜಾತಿಯವು. ಉಳಿದವು ಕೆಮ್ಮು, ಸೀನು ಬಂದಾಗ ಚಟ್ಟನೆ ಬಿಗಿಯುವಂಥವು. ಬೆನ್ನುಹುರಿಯ ಕೆಳತುದಿಯಿಂದ ಹೊರಡುವ ಪ್ಯುಡೆಂಡಲ್ ನರ ಇವುಗಳಿಗೆ ಆಜ್ಞೆ ತಲುಪಿಸುವ ಮುಖ್ಯ ದಾರಿ. ಹೆರಿಗೆಯಲ್ಲಿ ಸ್ನಾಯು ಹರಿಯಬಹುದು, ನರ ಹಿಗ್ಗಬಹುದು. ವರ್ಷಗಟ್ಟಲೆ ಭಾರ ಹೊತ್ತರೆ, ಮಲಬದ್ಧತೆಯಿಂದ ತಿಣುಕಿದರೆ, ಬಿಡದ ಕೆಮ್ಮಿದ್ದರೆ, ಮುಟ್ಟು ನಿಂತ ಮೇಲೆ ಇವು ಸಡಿಲವಾಗುತ್ತವೆ.

ಸೋರುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಕೆಮ್ಮಿದಾಗ, ನಕ್ಕಾಗ, ಕೊಡ ಎತ್ತಿದಾಗ ಹನಿಯುವುದು ಒಂದು. ಇದ್ದಕ್ಕಿದ್ದಂತೆ ತಡೆಯಲಾಗದ ಅವಸರ ಬಂದು, ಬಾಗಿಲ ಚಿಲಕ ತೆಗೆಯುವಷ್ಟರಲ್ಲಿ ಹೋಗಿಬಿಡುವುದು ಇನ್ನೊಂದು. ಮೊದಲನೆಯದರಲ್ಲಿ ಹಿಡಿತ ಸಾಲದು. ಎರಡನೆಯದರಲ್ಲಿ ಮೂತ್ರಕೋಶ ಅಕಾಲದಲ್ಲಿ ಹಿಂಡುತ್ತದೆ. ಎರಡೂ ಸೇರಿರುವುದು ಬಹಳ ಸಾಮಾನ್ಯ. ಯಂತ್ರದ ಯಾವ ಪ್ರೋಗ್ರಾಂ ಒತ್ತಬೇಕು ಎಂಬುದು ಈ ವ್ಯತ್ಯಾಸದ ಮೇಲೆ ನಿಂತಿರುವುದರಿಂದ ಇದನ್ನು ಗುರುತಿಸದೆ ಮುಂದೆ ಹೋಗುವಂತಿಲ್ಲ.

ಯಂತ್ರಕ್ಕೆ ಸಂಬಂಧವೇ ಇಲ್ಲದ ಕೆಲವು ಸ್ಥಿತಿಗಳೂ ಇವೆ. ಹೆರಿಗೆ ಅಥವಾ ಗರ್ಭಕೋಶದ ಆಪರೇಷನ್ ಆದ ಮೇಲೆ ಹಗಲೂ ರಾತ್ರಿ, ಮಲಗಿದ್ದರೂ ಒಂದೇ ಸಮ ಸೋರುತ್ತಿದ್ದರೆ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತಾಗಿರಬಹುದು. ಅದು ಶಸ್ತ್ರಚಿಕಿತ್ಸೆಯಿಂದ ಸರಿಯಾಗಬೇಕಾದ್ದು, ಯಾವ ಕರೆಂಟೂ ಅದನ್ನು ಮುಚ್ಚುವುದಿಲ್ಲ. ಉರಿ, ಜ್ವರ ಇದ್ದರೆ ಮೂತ್ರದ ಸೋಂಕಿರಬಹುದು. ಪದೇಪದೇ ಹೋಗಬೇಕಾಗುತ್ತಿದ್ದರೆ ಸಕ್ಕರೆ ಕಾಯಿಲೆಯೂ ಕಾರಣವಿರಬಹುದು. ಮೂತ್ರದಲ್ಲಿ ರಕ್ತ ಕಂಡರೆ ತಡಮಾಡದೆ ತೋರಿಸಬೇಕು. ತೊಡೆಸಂದು ಮತ್ತು ಕೂರುವ ಜಾಗ ಜೋಮು ಹಿಡಿದು, ಕಾಲು ಬಲ ಕಳೆದುಕೊಂಡು, ಜೊತೆಗೆ ಮೂತ್ರ ಹಿಡಿತ ತಪ್ಪಿದರೆ ಅದು ಬೆನ್ನುಹುರಿಯ ನರಗಳ ತುರ್ತುಸ್ಥಿತಿ. ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಓಡಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಗರ್ಭಕೋಶ ತೆಗೆಸಿದರೆ ಕೆಳಗಿನ ತೊಂದರೆಯೆಲ್ಲ ಮುಗಿಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ಹೆಂಗಸರ ಗರ್ಭಕೋಶ ತೆಗೆದುಹಾಕಿದ ಸಂಗತಿಯನ್ನು ಆರೋಗ್ಯ ಹೋರಾಟಗಾರರು ಬಯಲಿಗೆಳೆದಿದ್ದರು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ವಿಷಯದಲ್ಲಿ ಅದೇ ಕಥೆ ದೇಶದ ಸುದ್ದಿಯಾಯಿತು. ಮೂತ್ರ ಸೋರುವುದಕ್ಕೆ ಗರ್ಭಕೋಶ ತೆಗೆಸುವುದು ಮದ್ದಲ್ಲ. ಯಾರಾದರೂ ಹಾಗೆಂದು ಸಲಹೆ ಕೊಟ್ಟರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳದೆ ಒಪ್ಪಬೇಡಿ.

ಅಳತೆ ಮೊದಲು ಬಂತು, ಕರೆಂಟು ಆಮೇಲೆ

ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ತಳದ ಸ್ನಾಯುಗಳ ವ್ಯಾಯಾಮದ ಬಗ್ಗೆ ಪ್ರಬಂಧ ಪ್ರಕಟಿಸಿದರು. ವ್ಯಾಯಾಮಕ್ಕೆ ಅವರ ಹೆಸರು ಉಳಿದಿದೆ, ಆದರೆ ಅವರು ಅದನ್ನು ಯಂತ್ರವಿಲ್ಲದೆ ಕಲಿಸಲಿಲ್ಲ ಎಂಬುದನ್ನು ಬಹಳ ಜನ ಮರೆತಿದ್ದಾರೆ. ಗಾಳಿ ತುಂಬಿದ ರಬ್ಬರಿನ ಚೀಲವೊಂದನ್ನು ಯೋನಿಯೊಳಗಿಟ್ಟು, ಹೊರಗಿನ ಒತ್ತಡಮಾಪಕದ ಮುಳ್ಳು ಎಷ್ಟು ಏರುತ್ತದೆ ಎಂದು ಹೆಂಗಸು ಸ್ವತಃ ನೋಡಿಕೊಳ್ಳುವ ಏರ್ಪಾಡು ಅವರದು, ಹೆಸರು ಪೆರಿನಿಯೊಮೀಟರ್. ಕಣ್ಣಿಗೆ ಕಾಣದ ಸ್ನಾಯು ಮಾತು ಕೇಳುತ್ತಿದೆಯೇ ಎಂದು ಕಣ್ಣಾರೆ ಕಾಣಿಸಬೇಕು ಎಂಬ ಅವರ ಯೋಚನೆಯೇ ಇಂದಿನ ಬಯೋಫೀಡ್‌ಬ್ಯಾಕ್ ಯಂತ್ರಗಳ ಬೇರು. ಕರೆಂಟು ಬಂದದ್ದು ಅದಾದ ಮೇಲೆ. ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಕಾಲ್ಡ್‌ವೆಲ್ ಎಂಬ ಶಸ್ತ್ರವೈದ್ಯರು ಹಿಡಿತ ಕಳೆದುಕೊಂಡ ಸ್ನಾಯುವಿಗೆ ವಿದ್ಯುದಾಗ್ರ ಜೋಡಿಸಿ, ಅದನ್ನು ದೇಹದೊಳಗೇ ಇಟ್ಟು ಚಿಕಿತ್ಸೆ ಕೊಟ್ಟದ್ದನ್ನು 1963ರಲ್ಲಿ ವರದಿ ಮಾಡಿದರು. ಆಮೇಲೆ ಆಪರೇಷನ್ ಬೇಡದ, ಒಳಗಿಟ್ಟು ತೆಗೆಯುವ ಪ್ರೋಬುಗಳು ಬಳಕೆಗೆ ಬಂದವು.

ಯಂತ್ರದ ಕರೆಂಟು ನೇರವಾಗಿ ಸ್ನಾಯುವಿನ ಎಳೆಯನ್ನು ಎಳೆಯುವುದಿಲ್ಲ. ಸ್ನಾಯುವಿಗೆ ಹೋಗುವ ನರವನ್ನು ಕೆಣಕುತ್ತದೆ, ನರ ಸ್ನಾಯುವನ್ನು ಬಿಗಿಯುತ್ತದೆ. ಆದ್ದರಿಂದ ನರವೇ ಪೂರ್ತಿ ಕಡಿದುಹೋಗಿದ್ದರೆ ಇದರಿಂದ ಪ್ರಯೋಜನವಿಲ್ಲ. ಅಳೆಯುವ ಯಂತ್ರಗಳಲ್ಲಿ ಮೂರು ಬಗೆ. ಕೆಗೆಲ್ ಮಾದರಿಯಲ್ಲಿ ಒತ್ತಡ ಅಳೆಯುವವು; ಸ್ನಾಯು ಬಿಗಿದಾಗ ಅದರಲ್ಲೇ ಹುಟ್ಟುವ ಸೂಕ್ಷ್ಮ ವಿದ್ಯುತ್ತನ್ನು ಮೈಕ್ರೊವೋಲ್ಟಿನ ಲೆಕ್ಕದಲ್ಲಿ ಹಿಡಿಯುವ ಇಎಂಜಿ ಯಂತ್ರಗಳು; ಪ್ರೋಬಿನ ಚಲನೆಯನ್ನೋ ಒತ್ತನ್ನೋ ಅಳೆದು ಮೊಬೈಲ್ ಆ್ಯಪಿಗೆ ಕಳಿಸುವ ಹೊಸ ಸಾಧನಗಳು. ಇವಲ್ಲದೆ, ನೀವು ನಿಗದಿತ ಮಟ್ಟದವರೆಗೆ ಸ್ವಂತ ಬಲದಿಂದ ಬಿಗಿದರೆ ಮಾತ್ರ ಕರೆಂಟು ಬಂದು ಉಳಿದದ್ದನ್ನು ಪೂರ್ತಿ ಮಾಡುವ ಯಂತ್ರಗಳೂ ಇವೆ. ಕರೆಂಟು ಬೇಕಾದವರಿಗೆ ನನಗೆ ಹೆಚ್ಚು ಒಪ್ಪಿಗೆಯಾಗುವುದು ಈ ಬಗೆ. ಮೈಯನ್ನು ಯಂತ್ರಕ್ಕೆ ಒಪ್ಪಿಸಿ ಸುಮ್ಮನೆ ಮಲಗಲು ಅದು ಬಿಡುವುದಿಲ್ಲ.

ಪರೀಕ್ಷೆಗಳು ಏನು ಹೇಳಿದವು

ಜಾಹೀರಾತು ಹೇಳದ ಭಾಗ ಇದು. ನಾರ್ವೆಯ ಫಿಸಿಯೊಥೆರಪಿಸ್ಟ್ ಕಾರಿ ಬೊ ಮತ್ತು ಸಂಗಡಿಗರು ಕೆಮ್ಮಿದಾಗ ಸೋರುವ ತೊಂದರೆಯಿದ್ದ 107 ಹೆಂಗಸರನ್ನು ನಾಲ್ಕು ಗುಂಪು ಮಾಡಿ ಆರು ತಿಂಗಳು ನೋಡಿದರು. ಒಂದು ಗುಂಪಿಗೆ ವ್ಯಾಯಾಮ, ಒಂದಕ್ಕೆ ವಿದ್ಯುತ್, ಒಂದಕ್ಕೆ ಯೋನಿಯಲ್ಲಿಡುವ ತೂಕದ ಕೋನ್, ಒಂದಕ್ಕೆ ಏನೂ ಇಲ್ಲ. 1999ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವ್ಯಾಯಾಮದ ಗುಂಪೇ ಮುಂದಿತ್ತು. ಅಳತೆಯ ಯಂತ್ರದ ಮಾತಿಗೆ ಬಂದರೆ, ಬ್ರಿಟನ್ನಿನಲ್ಲಿ 600 ಹೆಂಗಸರ ಮೇಲೆ ನಡೆದ ಓಪಲ್ ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂತು: ಫಿಸಿಯೊ ಕಲಿಸಿದ ವ್ಯಾಯಾಮಕ್ಕೆ ಇಎಂಜಿ ಯಂತ್ರ ಸೇರಿಸಿದವರಿಗೂ, ಬರೀ ವ್ಯಾಯಾಮ ಮಾಡಿದವರಿಗೂ ಎರಡು ವರ್ಷದ ಕೊನೆಯಲ್ಲಿ ವ್ಯತ್ಯಾಸವಿರಲಿಲ್ಲ. ಎರಡೂ ಗುಂಪಿನವರು ಸುಧಾರಿಸಿದ್ದರು. ಬ್ರಿಟನ್ನಿನ ನೈಸ್ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಹೇಳುವುದೂ ಇದನ್ನೇ. ಕೆಮ್ಮಿದಾಗ ಸೋರುವವರಿಗೆ ಮೊದಲು ಕನಿಷ್ಠ ಮೂರು ತಿಂಗಳು, ಬಲ್ಲವರ ಮೇಲ್ವಿಚಾರಣೆಯಲ್ಲಿ, ದಿನಕ್ಕೆ ಮೂರು ಸಲ, ಪ್ರತಿ ಸಲ ಕನಿಷ್ಠ ಎಂಟು ಬಿಗಿತದ ವ್ಯಾಯಾಮ. ಕರೆಂಟನ್ನು ಎಲ್ಲರಿಗೂ ವಾಡಿಕೆಯಾಗಿ ಕೊಡಬಾರದು; ಸ್ನಾಯುವನ್ನು ತಾವಾಗಿ ಬಿಗಿಯಲು ಆಗದವರಿಗೆ ವಿದ್ಯುತ್ ಅಥವಾ ಬಯೋಫೀಡ್‌ಬ್ಯಾಕ್ ಪರಿಗಣಿಸಬಹುದು.

ಕೊನೆಯ ಆ ವಾಕ್ಯದಲ್ಲೇ ಯಂತ್ರದ ನಿಜವಾದ ಜಾಗ ಇದೆ. ಬಿಗಿಯಿರಿ ಎಂದರೆ ಹೊಟ್ಟೆ ಒಳಗೆಳೆದುಕೊಳ್ಳುವವರು, ಪೃಷ್ಠ ಗಟ್ಟಿಮಾಡುವವರು, ಉಸಿರು ಕಟ್ಟಿ ಕೆಳಕ್ಕೆ ತಳ್ಳುವವರು ಬಹಳ. ಕೆಳಕ್ಕೆ ತಳ್ಳಿದರೆ ಇರುವ ತೊಂದರೆ ಹೆಚ್ಚುತ್ತದೆ. ತಜ್ಞೆ ಬೆರಳಿಟ್ಟು ಪರೀಕ್ಷಿಸಿದಾಗ ಮಿಡಿತವೇ ಸಿಗದವರು, ಅಥವಾ ಎಲ್ಲಿ ಬಿಗಿಯಬೇಕೆಂಬ ಅರಿವೇ ಇಲ್ಲದವರು ಇದ್ದಾರೆ. ಕಷ್ಟದ ಹೆರಿಗೆಯಾದವರಲ್ಲಿ ಇದು ಅಪರೂಪವಲ್ಲ. ಅಂಥವರಿಗೆ ಕೆಲವು ವಾರ ಕರೆಂಟು ಕೊಟ್ಟರೆ “ಓ, ಇದಾ ಆ ಜಾಗ” ಎಂಬ ತಿಳಿವು ಬರುತ್ತದೆ. ಆ ತಿಳಿವು ಬಂದ ಮೇಲೆ ವ್ಯಾಯಾಮ ಮುಂದುವರಿಸಿ ಯಂತ್ರ ಬಿಡಬೇಕು.

ಪುಣೆಯಲ್ಲಿ ಯೋಗದ ಪರಿಚಯ ಇಲ್ಲದ ಮನೆ ಕಡಿಮೆ; ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಇಲ್ಲಿಗೆ ಬಂದು ಇಲ್ಲೇ ನೆಲೆಯಾದರು. ಮೂಲಬಂಧ ಕಲಿತವರಿಗೆ ಈ ಬಿಗಿತದ ಸುಳಿವು ಬೇಗ ಸಿಗುತ್ತದೆ. ಆದರೂ ಸರಿಯಾದ ಜಾಗವೇ ಎಂದು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ನೋಡುವುದು ಸ್ನಾಯು ಗುರುತಿಸಲು ಒಂದು ಸಲಕ್ಕೆ ಸರಿ. ಅದನ್ನೇ ದಿನನಿತ್ಯದ ವ್ಯಾಯಾಮ ಮಾಡಿಕೊಳ್ಳಬೇಡಿ.

ಎಲ್ಲಿ ತೋರಿಸಬೇಕು, ಹೇಗೆ ಹೇಳಬೇಕು

ಯೆರವಡಾದಲ್ಲೇ ಪುಣೆ ಪಾಲಿಕೆಯ ರಾಜೀವ್ ಗಾಂಧಿ ಆಸ್ಪತ್ರೆ ಇದೆ. ಮೊದಲ ಮಾತು, ಮೂತ್ರ ಮತ್ತು ಸಕ್ಕರೆಯ ಪರೀಕ್ಷೆ ಅಲ್ಲಿಂದ ಶುರುಮಾಡಬಹುದು. ಸ್ತ್ರೀರೋಗ ವಿಭಾಗ, ಮೂತ್ರಾಂಗ ವಿಭಾಗ, ಫಿಸಿಯೊಥೆರಪಿ ಎಲ್ಲವೂ ಒಂದೇ ಕಡೆ ಬೇಕೆಂದರೆ ಸರ್ಕಾರಿ ಸಸೂನ್ ಆಸ್ಪತ್ರೆ. ಯೆರವಡಾ ಮೆಟ್ರೊದಲ್ಲಿ ಹತ್ತಿದರೆ ಬಂಡ್ ಗಾರ್ಡನ್, ರೂಬಿ ಹಾಲ್ ದಾಟಿ ಪುಣೆ ರೈಲ್ವೆ ನಿಲ್ದಾಣದಲ್ಲಿ ಇಳಿಯಬೇಕು, ಆಸ್ಪತ್ರೆ ಅಲ್ಲೇ ಹತ್ತಿರ. ಖಾಸಗಿಯಲ್ಲಿ ತೋರಿಸುವವರು ಫಿಸಿಯೊಥೆರಪಿಸ್ಟ್ ಒಬ್ಬರನ್ನು ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ನೀವು ಪೆಲ್ವಿಕ್ ಫ್ಲೋರ್ ಪರೀಕ್ಷೆಯ ತರಬೇತಿ ಪಡೆದಿದ್ದೀರಾ, ಒಳಗಿನಿಂದ ಪರೀಕ್ಷಿಸಿ ನೋಡುತ್ತೀರಾ? ಮಂಡಿ, ಬೆನ್ನು ಚೆನ್ನಾಗಿ ನೋಡುವವರೆಲ್ಲ ಈ ಕೆಲಸ ಕಲಿತಿರುವುದಿಲ್ಲ. ಪರೀಕ್ಷೆಗೆ ಮುಂಚೆ ನಿಮ್ಮ ಒಪ್ಪಿಗೆ ಕೇಳಬೇಕು, ಬೇಕೆಂದರೆ ಜೊತೆಗೊಬ್ಬ ಹೆಂಗಸು ಇರಬಹುದು, ನಡುವೆ ಬೇಡವೆಂದರೆ ನಿಲ್ಲಿಸಬೇಕು. ಇದು ನಿಮ್ಮ ಹಕ್ಕು.

ಮರಾಠಿಯಲ್ಲಿ ಹೇಳುವುದು ಹೇಗೆಂಬ ಮುಜುಗರಕ್ಕೇ ಎಷ್ಟೋ ಜನ ಮಗನನ್ನೋ ಗಂಡನನ್ನೋ ಮುಂದೆ ಬಿಟ್ಟು ತಾವು ಸುಮ್ಮನಾಗುತ್ತಾರೆ. ಈ ಮೂರು ಮಾತು ಸಾಕು. ಕೆಮ್ಮಿದರೆ, ಸೀನಿದರೆ ಹೋಗುತ್ತದೆ ಎನ್ನಲು “ಖೋಕಲಂ, ಶಿಂಕಲಂ ಕೀ ಲಘವೀ ಹೋತೇ”. ಅವಸರ ಬಂದರೆ ತಡೆಯಲಾಗದು ಎನ್ನಲು “ಘಾಈನೇ ಲಾಗತೇ, ಥಾಂಬವತಾ ಯೇತ್ ನಾಹೀ”. ಕೆಳಗೆ ಏನೋ ಜಾರಿ ಬಂದಂತಿದೆ ಎನ್ನಲು “ಅಂಗ್ ಬಾಹೇರ್ ಯೇತಂ”. ಜೊತೆಗೆ ಮೂರು ದಿನದ ಲೆಕ್ಕವೊಂದನ್ನು ಬರೆದುಕೊಂಡು ಹೋಗಿ: ಎಷ್ಟು ಹೊತ್ತಿಗೆ ಏನು ಕುಡಿದಿರಿ, ಎಷ್ಟು ಸಲ ಹೋದಿರಿ, ಯಾವಾಗ ಸೋರಿತು. ವೈದ್ಯರ ಅರ್ಧ ಕೆಲಸ ಅದರಿಂದ ಆಗುತ್ತದೆ. ಬರೆಯಲು ಬಾರದವರು ಶಾಲೆಗೆ ಹೋಗುವ ಮಗಳಿಂದ ಗೀಟು ಹಾಕಿಸಿಕೊಂಡರೂ ಆಯಿತು.

ಯಂತ್ರ ಬೇಕೆಂದು ತೀರ್ಮಾನವಾದರೆ

ಮೊದಲ ಕೆಲವು ಸಲ ಕ್ಲಿನಿಕ್ಕಿನಲ್ಲೇ ಮಾಡಿಸಿಕೊಳ್ಳಿ. ಅಲ್ಲಿ ಹೊಂದಿದರೆ ಮಾತ್ರ ಮನೆಗೆ ತರುವ ಮಾತು. ಕೆಮ್ಮಿದಾಗ ಸೋರುವವರಿಗೆ ಸಾಮಾನ್ಯವಾಗಿ ಸೆಕೆಂಡಿಗೆ 35ರಿಂದ 50 ಮಿಡಿತ, ಅಂದರೆ 35–50 ಹರ್ಟ್ಸ್. ಅವಸರದ ತೊಂದರೆಗೆ 10–20 ಹರ್ಟ್ಸ್. ಒಂದೊಂದು ಮಿಡಿತದ ಅಗಲ 200–300 ಮೈಕ್ರೊಸೆಕೆಂಡ್. ಐದು ಸೆಕೆಂಡು ಕರೆಂಟು, ಹತ್ತು ಸೆಕೆಂಡು ವಿಶ್ರಾಂತಿ ಎಂಬಂತೆ ಶುರು; ಸ್ನಾಯು ಗಟ್ಟಿಯಾದಂತೆ ವಿಶ್ರಾಂತಿ ಕಡಿಮೆ ಮಾಡುತ್ತಾರೆ. ಒಂದು ಸಲಕ್ಕೆ 15–20 ನಿಮಿಷ. ಈ ಅಂಕಿಗಳನ್ನು ಇಲ್ಲಿ ಬರೆದದ್ದು ನೀವೇ ಗುಂಡಿ ತಿರುಗಿಸಲಿ ಎಂದಲ್ಲ. ಫಿಸಿಯೊ ಏನು ಹೊಂದಿಸಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಲಿ ಎಂದು.

ಕರೆಂಟಿನ ಬಲವನ್ನು ಸೊನ್ನೆಯಿಂದ ಒಂದೊಂದೇ ಮೆಟ್ಟಿಲು ಏರಿಸಬೇಕು. ಮೊದಲು ಜುಮುಜುಮು, ಆಮೇಲೆ ಒಳಗಿನಿಂದ ಮೇಲಕ್ಕೆ ಎಳೆದ ಹಾಗೆ ಗಟ್ಟಿ ಬಿಗಿತ. ಅಲ್ಲಿಗೆ ನಿಲ್ಲಿಸಿ. ಚುಚ್ಚಿದಂತೆ, ಉರಿದಂತೆ ಅನ್ನಿಸಿದರೆ ಕಡಿಮೆ ಮಾಡಿ. ಹೆಚ್ಚು ಕರೆಂಟಿಗೆ ಹೆಚ್ಚು ಗುಣ ಎಂಬುದು ತಪ್ಪು. ಯಂತ್ರ ಬಿಗಿಯುವಾಗ ನೀವೂ ಜೊತೆಗೆ ಬಿಗಿಯಿರಿ, ಅದು ಬಿಟ್ಟಾಗ ಪೂರ್ತಿ ಸಡಿಲಬಿಡಿ. ಇದನ್ನು ಮಾಡದೆ ಟಿವಿ ನೋಡುತ್ತ ಮಲಗಿದವರಿಗೆ ಫಲ ಕಡಿಮೆ.

ಪ್ರೋಬಿಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ನಮ್ಮಲ್ಲಿ ಎಲ್ಲದಕ್ಕೂ ಅದೇ ಕೈಗೆ ಸಿಗುತ್ತದೆ, ಆದರೆ ಎಣ್ಣೆ ವಿದ್ಯುತ್ತನ್ನು ಹರಿಯಬಿಡುವುದಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ನೀರಿನಂಶದ ಜೆಲ್ ಬಳಸಿ. ಲೋಹದ ಪಟ್ಟಿಗಳು ಎಡ ಬಲಕ್ಕೆ ಬರುವಂತೆ ಇಡಬೇಕು. ಯಂತ್ರ ಪೂರ್ತಿ ಆರಿಸಿದ ಮೇಲೆಯೇ ಪ್ರೋಬ್ ತೆಗೆಯಬೇಕು, ಇಡಬೇಕು. ಚಾರ್ಜಿಗೆ ಹಾಕಿಕೊಂಡು ಬಳಸಬೇಡಿ. ಬಳಸಿದ ಮೇಲೆ ಸೌಮ್ಯ ಸಾಬೂನು, ಶುದ್ಧ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಎತ್ತಿಡಿ. ಒಂದು ಪ್ರೋಬ್ ಒಬ್ಬಳಿಗೇ. ಅಕ್ಕತಂಗಿಯರ ನಡುವೆಯೂ, ತಾಯಿ ಮಗಳ ನಡುವೆಯೂ ಹಂಚಿಕೊಳ್ಳುವಂತಿಲ್ಲ. ಕ್ಲಿನಿಕ್ಕಿನಲ್ಲೂ ನಿಮ್ಮದೇ ಹೊಸ ಪ್ರೋಬ್ ಕೇಳಿ, ಅದರ ಪೊಟ್ಟಣವನ್ನು ನಿಮ್ಮೆದುರೇ ಬಿಚ್ಚಲಿ.

ಬಳಸಲೇಬಾರದವರು ಯಾರು? ಗರ್ಭಿಣಿಯರು, ಗರ್ಭಿಣಿಯಿರಬಹುದೆಂಬ ಅನುಮಾನ ಇರುವವರು. ಪೇಸ್‌ಮೇಕರ್ ಅಥವಾ ದೇಹದೊಳಗೆ ಇನ್ನಾವುದೇ ವಿದ್ಯುತ್ ಸಾಧನ ಇರುವವರು. ಹೆರಿಗೆಯಾಗಿ ಆರು ವಾರ ಆಗದವರು, ಹೊಲಿಗೆ ಮಾಯದವರು. ಮೂತ್ರ ಅಥವಾ ಯೋನಿಯ ಸೋಂಕು ಇರುವವರು, ಕಾರಣ ಗೊತ್ತಾಗದ ರಕ್ತಸ್ರಾವ ಇರುವವರು, ಆ ಭಾಗದ ಕ್ಯಾನ್ಸರ್ ಇರುವವರು. ಆ ಜಾಗದ ಸ್ಪರ್ಶವೇ ಗೊತ್ತಾಗದವರು. ಮೂರ್ಛೆರೋಗ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕಾಪರ್-ಟಿ ಹಾಕಿಸಿಕೊಂಡವರು ಅದನ್ನು ಮೊದಲೇ ಹೇಳಬೇಕು. ತಯಾರಕರ ಕೈಪಿಡಿಗಳಲ್ಲೇ ಇದರ ಬಗ್ಗೆ ಬೇರೆಬೇರೆ ಎಚ್ಚರಿಕೆ ಇದೆ.

ಇನ್ನೊಂದು ಗುಂಪಿದೆ, ಇವರಿಗೆ ಆಗುವ ಅನ್ಯಾಯ ಯಾರ ಗಮನಕ್ಕೂ ಬರುವುದಿಲ್ಲ. ಸಂಭೋಗದಲ್ಲಿ ನೋವು, ಕಿಬ್ಬೊಟ್ಟೆಯ ಕೆಳಗೆ ಯಾವಾಗಲೂ ಸೆಳೆತ, ಮೂತ್ರ ಶುರುವಾಗಲು ತಡ. ಇವರ ಸ್ನಾಯು ಸಡಿಲವಾಗಿಲ್ಲ. ಬಿಗಿದೇ ಇದೆ, ಬಿಡಲು ಮರೆತಿದೆ. ಇವರು ಇನ್ನಷ್ಟು ಬಿಗಿಯುವ ಯಂತ್ರ ಕೊಂಡರೆ ನೋವು ಹೆಚ್ಚಾಗುತ್ತದೆ. ಬಿಡುವುದನ್ನು ಕಲಿಸಲು ಮಾತ್ರ ಇವರಿಗೆ ಅಳತೆಯ ಯಂತ್ರ ನೆರವಾಗಬಹುದು. ಪರದೆಯ ಗೆರೆ ಕೆಳಗಿಳಿಯುವುದನ್ನು ನೋಡಿ ಸಡಿಲಬಿಡುವುದನ್ನು ಅಭ್ಯಾಸ ಮಾಡುತ್ತಾರೆ. ಮಲವಿಸರ್ಜನೆಯ ಹೊತ್ತಿಗೆ ಸ್ನಾಯು ಸಡಿಲಾಗುವ ಬದಲು ಬಿಗಿಯುವುದರಿಂದ ಬರುವ ಹಳೆಯ ಮಲಬದ್ಧತೆಯಲ್ಲಂತೂ ಬಯೋಫೀಡ್‌ಬ್ಯಾಕ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೆ ಗ್ಯಾಸ್ಟ್ರೊ ವಿಭಾಗದಲ್ಲಿ ಗುದದ ಒತ್ತಡದ ಪರೀಕ್ಷೆ ಮೊದಲು ಆಗಬೇಕು.

ಪರದೆಯ ಅಂಕಿಯನ್ನು ಬಹಳ ನಂಬಬೇಡಿ. ಪ್ರೋಬ್ ಸ್ವಲ್ಪ ಹೊರಳಿದರೆ, ಜೆಲ್ ಕಡಿಮೆಯಾದರೆ, ಹೊಟ್ಟೆ ಬಿಗಿಹಿಡಿದರೆ ಅದು ಬದಲಾಗುತ್ತದೆ. ನಿಮ್ಮ ಅಂಕಿಯನ್ನು ಗೆಳತಿಯ ಅಂಕಿಯ ಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ. ಅಂಕಿ ಏರಿದರೂ ಬಟ್ಟೆ ಮೊದಲಿನಷ್ಟೇ ಒದ್ದೆಯಾಗುತ್ತಿದ್ದರೆ ನೀವು ಹೊಟ್ಟೆಯನ್ನು ಅಳೆಯುತ್ತಿದ್ದೀರಿ ಎಂದು ಅನುಮಾನಿಸಿ. ವಾರಕ್ಕೆ ಎಷ್ಟು ಸಲ ಸೋರಿತು, ಎಷ್ಟು ಪ್ಯಾಡ್ ಬೇಕಾಯಿತು ಎಂಬುದೇ ನಂಬಬೇಕಾದ ಲೆಕ್ಕ.

ಒಂದೇ ಕೋಣೆಯ ಮನೆಯಲ್ಲಿ

ಈ ಯಂತ್ರಗಳನ್ನು ಮಾಡುವವರು ಬಾಗಿಲು ಹಾಕಿಕೊಳ್ಳಬಲ್ಲ ಒಂದು ಕೋಣೆ, ಪಕ್ಕದಲ್ಲಿ ನಲ್ಲಿ, ಇಪ್ಪತ್ತು ನಿಮಿಷದ ಏಕಾಂತ ಎಲ್ಲರಿಗೂ ಇದೆ ಎಂದುಕೊಂಡಿದ್ದಾರೆ. ಯೆರವಡಾದ ವಸ್ತಿಯಲ್ಲಿ ಅತ್ತೆ, ಮಕ್ಕಳು, ಗಂಡ ಎಲ್ಲರೂ ಅದೇ ಕೋಣೆಯಲ್ಲಿರುತ್ತಾರೆ. ಶೌಚಕ್ಕೆ ಸಾರ್ವಜನಿಕ ಶೌಚಾಲಯದ ಸಾಲು. ಅಂಥ ಮನೆಯವಳಿಗೆ ಪ್ರೋಬ್ ಮಾರುವುದು ಅವಳ ಕಷ್ಟಕ್ಕೆ ಇನ್ನೊಂದು ಕಷ್ಟ ಕಟ್ಟಿದಂತೆ. ಕರೆಂಟು ಬೇಕೇಬೇಕಾದರೆ ಆಸ್ಪತ್ರೆಯ ಫಿಸಿಯೊಥೆರಪಿ ವಿಭಾಗದಲ್ಲಿ ಸರತಿ ತೆಗೆದುಕೊಳ್ಳುವುದು ಮೇಲು. ವ್ಯಾಯಾಮಕ್ಕೆ ಏಕಾಂತವೇ ಬೇಡ: ರೊಟ್ಟಿ ತಟ್ಟುವಾಗ, ನೀರಿನ ಸಾಲಿನಲ್ಲಿ ನಿಂತಾಗ, ಸೈಟಿನಲ್ಲಿ ಊಟದ ಬಿಡುವಿನಲ್ಲಿ ಮಾಡಬಹುದು, ಪಕ್ಕದವಳಿಗೂ ಗೊತ್ತಾಗುವುದಿಲ್ಲ. ಇಟ್ಟಿಗೆ, ಸಿಮೆಂಟಿನ ಬುಟ್ಟಿ ಎತ್ತುವ ಮುಂಚಿನ ಕ್ಷಣದಲ್ಲಿ ಬಿಗಿದು, ಉಸಿರು ಬಿಡುತ್ತ ಎತ್ತುವ ಅಭ್ಯಾಸವೊಂದನ್ನು ಕಲಿತರೆ ಬಹಳ ಹನಿ ನಿಲ್ಲುತ್ತದೆ.

ಶೌಚಾಲಯ ದೂರವೆಂದು ನೀರು ಕುಡಿಯುವುದನ್ನೇ ಬಿಟ್ಟವರು ನನಗೆ ಬಹಳ ಮಂದಿ ಸಿಗುತ್ತಾರೆ. ಅವರನ್ನು ನಾನು ಬೈಯಲಾರೆ, ರಾತ್ರಿ ಕತ್ತಲಲ್ಲಿ ಅಷ್ಟು ದೂರ ಯಾರು ಹೋಗುತ್ತಾರೆ? ಆದರೆ ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆಣಕುತ್ತದೆ, ಸೋಂಕಿಗೂ ದಾರಿಯಾಗುತ್ತದೆ, ಅವಸರ ಹೆಚ್ಚುತ್ತದೆ. ಹಗಲಿನಲ್ಲಿ ಸಾಕಷ್ಟು ಕುಡಿದು ಸಂಜೆಯ ಮೇಲೆ ಕಡಿಮೆ ಮಾಡಿ. ಅಮೃತ್‌ತುಲ್ಯ ಅಂಗಡಿಯ ಚಹಾ ದಿನಕ್ಕೆ ನಾಲ್ಕೈದು ಸಲ ಆಗುತ್ತಿದ್ದರೆ ಎರಡಕ್ಕೆ ಇಳಿಸಿ. ಚಹಾ ಕಾಫಿಯ ಕೆಫೀನ್ ಅವಸರವನ್ನು ಕೆರಳಿಸುತ್ತದೆ. ಅವಸರ ಬಂದಾಗ ಓಡದೆ, ನಿಂತಲ್ಲೇ ಐದಾರು ಸಲ ಚಟಚಟನೆ ಬಿಗಿದು, ಅದು ತುಸು ಇಳಿದ ಮೇಲೆ ನಡೆಯಿರಿ. ಹೋಗುವ ಅಂತರವನ್ನು ವಾರವಾರಕ್ಕೆ ಹತ್ತು ಹದಿನೈದು ನಿಮಿಷ ಹಿಗ್ಗಿಸುವ ಈ ಮೂತ್ರಕೋಶದ ಅಭ್ಯಾಸಕ್ಕೆ ಕನಿಷ್ಠ ಆರು ವಾರ ಕೊಡಿ.

ಅವಸರದ ತೊಂದರೆಗೆ ಒಳಗೇನೂ ಇಡದ ಒಂದು ದಾರಿಯೂ ಬಳಕೆಯಲ್ಲಿದೆ. ಪಾದದ ಒಳಗಿನ ಗಿಣ್ಣಿನ ಹಿಂದೆ ಹಾದುಹೋಗುವ ಟಿಬಿಯಲ್ ನರಕ್ಕೂ ಮೂತ್ರಕೋಶದ ನರಗಳಿಗೂ ಬೆನ್ನುಹುರಿಯಲ್ಲಿ ಮೂಲ ಹತ್ತಿರ. ಗಿಣ್ಣಿನ ಮೇಲೊಂದು, ಹಿಮ್ಮಡಿಯ ಬಳಿ ಒಂದು ಅಂಟಿಸುವ ಪ್ಯಾಡ್ ಇಟ್ಟು, ಮಂಡಿನೋವಿಗೆ ಬಳಸುವ ಸಾಮಾನ್ಯ ಟೆನ್ಸ್ ಯಂತ್ರದಿಂದ ಅರ್ಧ ಗಂಟೆ ಕರೆಂಟು ಕೊಡುತ್ತಾರೆ. ಅಂಗಾಲಿನಲ್ಲಿ ಜುಮ್ಮೆಂದರೆ ಅಥವಾ ಹೆಬ್ಬೆರಳು ಮಡಚಿದರೆ ಜಾಗ ಸರಿಯಿದೆ ಎಂದರ್ಥ. ಸೀರೆಯ ಅಂಚು ಸ್ವಲ್ಪ ಎತ್ತಿ ಕೂತರೆ ಸಾಕು. ಇದರ ಆಧಾರ ಇನ್ನೂ ಗಟ್ಟಿಯಿಲ್ಲ ಎಂಬುದನ್ನು ಮರೆಮಾಚಲಾರೆ: ಚಿಕ್ಕ ಪರೀಕ್ಷೆಗಳಲ್ಲಿ ಗುಣ ಕಂಡಿದ್ದರೂ, ಬ್ರಿಟನ್ನಿನ ವೃದ್ಧಾಶ್ರಮಗಳಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ ಸುಳ್ಳು ಕರೆಂಟಿಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ, ನೈಸ್ ಮಾರ್ಗಸೂಚಿಯೂ ಇದನ್ನು ಒಪ್ಪಿಲ್ಲ. ಮೂತ್ರಕೋಶದ ಅಭ್ಯಾಸ, ಔಷಧಿ ಎರಡೂ ಸಾಲದಾದಾಗ ಫಿಸಿಯೊ ಹೇಳಿದರೆ ಪ್ರಯತ್ನಿಸಬಹುದು. ಪೇಸ್‌ಮೇಕರ್ ಇರುವವರಿಗೆ, ಗರ್ಭಿಣಿಯರಿಗೆ ಇದೂ ಬೇಡ.

ಬಟ್ಟೆ ಹಾಕಿಕೊಂಡೇ ಕೂರುವ ಕಾಂತಶಕ್ತಿಯ ಕುರ್ಚಿಗಳನ್ನು ದೊಡ್ಡ ನಗರಗಳ ಕ್ಲಿನಿಕ್ಕುಗಳು ಪ್ಯಾಕೇಜು ಲೆಕ್ಕದಲ್ಲಿ ಮಾರುತ್ತಿವೆ. ಮುಜುಗರವಿಲ್ಲ ಎಂಬುದು ಅವುಗಳ ದೊಡ್ಡ ಗುಣ. ಆದರೆ ದುಬಾರಿ, ವ್ಯಾಯಾಮ ಬಿಟ್ಟರೆ ಫಲ ಉಳಿಯುವ ಭರವಸೆಯಿಲ್ಲ. ಪೂರ್ತಿ ಪ್ಯಾಕೇಜಿಗೆ ಮುಂಗಡ ಕಟ್ಟಬೇಡಿ.

ಪ್ರಾಸ್ಟೇಟ್ ಆಪರೇಷನ್ ಆದ ಗಂಡಸರಿಗೂ ಸೋರುತ್ತದೆ. ಅವರು ಹೆಂಗಸರಿಗಿಂತ ಹೆಚ್ಚು ಮುಚ್ಚಿಡುತ್ತಾರೆ. ಅವರಿಗೆ ಗುದದಲ್ಲಿಡುವ ಪ್ರೋಬುಗಳಿವೆ. ಅವರೂ ಮೊದಲು ಸರ್ಜನ್ನರನ್ನು ಕೇಳಬೇಕು, ವ್ಯಾಯಾಮ ಕಲಿಯಬೇಕು.

ಕೊಳ್ಳುವಾಗ

ನಮ್ಮ ದೇಶದ ವೈದ್ಯಕೀಯ ಸಾಧನಗಳ ನಿಯಮಗಳು 2017ರವು, 2018ರ ಜನವರಿ 1ರಿಂದ ಜಾರಿಯಲ್ಲಿವೆ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ವ್ಯಾಪ್ತಿಗೆ ಬಂದವು. ಅಪಾಯದ ಮಟ್ಟ ನೋಡಿ ಎ, ಬಿ, ಸಿ, ಡಿ ಎಂದು ವಿಂಗಡಿಸಿ, ಪರವಾನಗಿಯನ್ನು ಹಂತಹಂತವಾಗಿ ಕಡ್ಡಾಯ ಮಾಡಿದರು. ಹಾಗಾಗಿ ಪೆಟ್ಟಿಗೆಯ ಮೇಲೆ ತಯಾರಕರ ಹೆಸರು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇರಬೇಕು. ವಿದೇಶದ್ದಾದರೆ ಆಮದು ಮಾಡಿದವರ ಹೆಸರು ವಿಳಾಸ, ಆಮದು ಪರವಾನಗಿ ಸಂಖ್ಯೆ. ಇವು ಯಾವುವೂ ಇಲ್ಲದೆ “ಮಸಾಜರ್” ಎಂದಷ್ಟೇ ಬರೆದಿದ್ದರೆ ಒಳಗಿಡುವ ಸಾಧನವಾಗಿ ಅದನ್ನು ನಂಬಬೇಡಿ. ಬದಲಿ ಪ್ರೋಬ್ ಬಿಡಿಯಾಗಿ ಸಿಗುತ್ತದೆಯೇ, ಆ್ಯಪ್ ನಿಂತುಹೋದರೆ ಯಂತ್ರ ತಾನೇ ಕೆಲಸ ಮಾಡುತ್ತದೆಯೇ, ರಿಪೇರಿ ಪುಣೆಯಲ್ಲಿ ಆಗುತ್ತದೆಯೇ ಎಂದು ಕೇಳಿ. ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು, ಪ್ರೋಬ್ ಮಾತ್ರ ಹೊಸದಿರಲಿ. ಹಳೆಯ ಪ್ರೋಬ್ ಸಮೇತ ಮಾರುವ ಸೆಕೆಂಡ್ ಹ್ಯಾಂಡ್ ಯಂತ್ರ ಎಷ್ಟೇ ಅಗ್ಗವಾದರೂ ಬೇಡ.

ಯಂತ್ರದಿಂದ ಸುಟ್ಟಗಾಯ, ರಕ್ತ, ಸೋಂಕು ಆದರೆ ವೈದ್ಯರಿಗೆ ತೋರಿಸುವುದರ ಜೊತೆಗೆ ದೂರನ್ನೂ ಕೊಡಿ. ಸಾಧನಗಳಿಂದ ಆಗುವ ತೊಂದರೆಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2015ರ ಜುಲೈಯಲ್ಲಿ ಶುರುವಾಗಿದ್ದು, ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನಡೆಸುತ್ತದೆ. ಉಚಿತ ಸಹಾಯವಾಣಿ 1800-180-3024. ಕರೆ ಮಾಡುವಾಗ ಪೆಟ್ಟಿಗೆ ಎದುರಿಗಿರಲಿ, ಬ್ಯಾಚ್ ಸಂಖ್ಯೆ ಕೇಳುತ್ತಾರೆ.

ಮೂರು ತಿಂಗಳು ಪ್ರಾಮಾಣಿಕವಾಗಿ ಮಾಡಿದ ಮೇಲೂ ಸುಧಾರಣೆ ಇಲ್ಲದಿದ್ದರೆ ಅದೇ ಯಂತ್ರವನ್ನು ಇನ್ನೊಂದು ವರ್ಷ ಎಳೆಯಬೇಡಿ, ಇನ್ನೂ ದುಬಾರಿಯದನ್ನೂ ಕೊಳ್ಳಬೇಡಿ. ಜಾರಿದ ಗರ್ಭಕೋಶಕ್ಕೆ ಒಳಗೆ ಕೂರಿಸುವ ಪೆಸರಿ ಎಂಬ ಸಿಲಿಕೋನ್ ಬಳೆ ಇದೆ. ಅವಸರಕ್ಕೆ ಮಾತ್ರೆಗಳಿವೆ, ಮೂತ್ರಕೋಶಕ್ಕೆ ಕೊಡುವ ಬೊಟಾಕ್ಸ್ ಇಂಜೆಕ್ಷನ್ ಇದೆ, ಬೆನ್ನಿನ ಕೆಳಗೆ ಚರ್ಮದಡಿ ಕೂರಿಸುವ ನರಪ್ರಚೋದಕ ಇದೆ. ಕೆಮ್ಮಿದಾಗ ಸೋರುವುದಕ್ಕೆ ಮೂತ್ರನಾಳಕ್ಕೆ ಆಸರೆ ಕೊಡುವ ಆಪರೇಷನ್‌ಗಳಿವೆ. ಮೂರು ತಿಂಗಳ ನಿಮ್ಮ ಲೆಕ್ಕದ ಹಾಳೆ ಹಿಡಿದುಕೊಂಡು ಅದೇ ವೈದ್ಯರ ಬಳಿ ಹೋಗಿ ಇವುಗಳ ಬಗ್ಗೆ ಕೇಳಿ.